ಆಸ್ಪತ್ರೆಯ ಹೊರಗಿನ ಲೆಕ್ಕ

(ಸಹಕಾರ ಸಪ್ತಾಹದ ಸಂದರ್ಭದಲ್ಲಿ ಗದಗ ಹತ್ತಿರದ ಒಂದು ಪತ್ತಿನ ಸಂಘದ ಸಭೆಯಲ್ಲಿ ಆಡಿದ ಮಾತುಗಳು. ಬರೆಯುವಾಗ ಕೆಲವು ಕಡೆ ಬಿಡಿಸಿ ಹೇಳಿದ್ದೇನೆ, ಕೆಲವು ಕಡೆ ಮೊಟಕು ಮಾಡಿದ್ದೇನೆ.)

ಎಲ್ಲರಿಗೂ ಶರಣು.

ನಾನು ತಂದಿರುವ ಈ ಮೂರು ಪುಸ್ತಕಗಳನ್ನು ಮೊದಲು ತೋರಿಸುತ್ತೇನೆ. ಕೆಂಪು ಬಟ್ಟೆಯ ಬೆನ್ನು, ಗಟ್ಟಿ ರಟ್ಟು, ಒಳಗೆ ಗೆರೆ ಹಾಕಿದ ಹಾಳೆ. ನಮ್ಮ ಸಂಘಗಳಲ್ಲಿ ರೋಕಡ ಕಿರ್ದಿ ಬರೆಯುತ್ತಿದ್ದದ್ದು ಇಂಥ ಪುಸ್ತಕದಲ್ಲೇ. ಇವನ್ನು ಹೊಲಿದು ಕಟ್ಟಿದವರು ನಮ್ಮ ಮನೆಯವರು. ಗದಗಿನಲ್ಲಿ ಅವರದೊಂದು ಸಣ್ಣ ಪ್ರೆಸ್ ಇತ್ತು. ಒಂದು ಆಫ್‌ಸೆಟ್ ಮಷೀನು, ಒಂದು ಕಟಿಂಗ್ ಮಷೀನು, ಮಷೀನು ನೋಡಿಕೊಳ್ಳಲು ಒಬ್ಬ ಹುಡುಗ, ಬೈಂಡಿಂಗಿಗೆ ಇಬ್ಬರು ಹೆಣ್ಣುಮಕ್ಕಳು. ಲಗ್ನಪತ್ರಿಕೆ, ಪಾವತಿ ಪುಸ್ತಕ, ಜಾತ್ರೆಯ ಕರಪತ್ರ ಅಚ್ಚಾಗುತ್ತಿದ್ದವು. ನಾನು ಇಪ್ಪತ್ತೆಂಟು ವರ್ಷ ಒಂದು ಪತ್ತಿನ ಸಂಘದಲ್ಲಿ ಲೆಕ್ಕ ಬರೆದವಳು.

2017ರ ಜೂನಿನಲ್ಲಿ ಅವರ ಎರಡೂ ಕಿಡ್ನಿ ಸೋತಿವೆ ಎಂದು ಗೊತ್ತಾಯಿತು. 2020ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ನಡುವಿನ ಮೂರೂವರೆ ವರ್ಷ ಆ ಕಾಯಿಲೆಗೆ ಹೋದ ಪ್ರತಿ ರೂಪಾಯಿಯನ್ನೂ ಈ ಪುಸ್ತಕಗಳಲ್ಲಿ ಬರೆದಿದ್ದೇನೆ. ಯಾರಿಗೂ ತೋರಿಸಬೇಕೆಂದು ಬರೆದದ್ದಲ್ಲ. ಮನೆಯಲ್ಲಿ ಒಂದು ದೊಡ್ಡ ಭಯ ಬಂದು ಕೂತಾಗ ಕೈಗೆ ಗೊತ್ತಿದ್ದ ಕೆಲಸ ಇದೊಂದೇ ಆಗಿತ್ತು. ಪುಟದ ಮಧ್ಯೆ ಒಂದು ಗೆರೆ ಎಳೆದೆ. ಎಡಕ್ಕೆ ‘ಆಸ್ಪತ್ರೆ ಒಳಗೆ’ ಎಂದು ಬರೆದೆ, ಬಲಕ್ಕೆ ‘ಆಸ್ಪತ್ರೆ ಹೊರಗೆ’. ಈ ಬಲಗಡೆಯ ಕಾಲಂ ಬಗ್ಗೆಯೇ ಇವತ್ತು ನನಗೆ ಮಾತಾಡಬೇಕಾಗಿದೆ. ನಮ್ಮ ದೇಶದ ಆರೋಗ್ಯ ರಾಜಕಾರಣವೆಲ್ಲ ಎಡಗಡೆಯ ಕಾಲಂ ಮೇಲೆ ನಡೆಯುತ್ತದೆ ಎಂಬುದು ಈ ಪುಸ್ತಕಗಳನ್ನು ಮತ್ತೆ ಮತ್ತೆ ಕೂಡಿಸಿ ನೋಡಿದ ಮೇಲೆ ನನಗೆ ತಿಳಿದ ಮಾತು.

ಮೊದಲು ಅವರ ಕಾಲು ಊದಿಕೊಂಡಿತು. ದಿನವಿಡೀ ಮಷೀನಿನ ಮುಂದೆ ನಿಲ್ಲುವವರು, ಅದಕ್ಕೇ ಇರಬೇಕು ಅಂದುಕೊಂಡೆವು. ಆಮೇಲೆ ಊಟ ಸೇರದಾಯಿತು, ರೊಟ್ಟಿ ಮುರಿದರೆ ಓಕರಿಕೆ. ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್, ಕಿಡ್ನಿ ಎಷ್ಟು ಸೋತಿದೆ ಎಂದು ತೋರಿಸುವ ಅಂಕಿ, 9 ದಾಟಿತ್ತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ಬಿಪಿ ಎಷ್ಟು ವರ್ಷದಿಂದ ಐತಿ?” ಹತ್ತು ವರ್ಷದಿಂದ ಇತ್ತು. ಗುಳಿಗೆ ತಗೋತಿದ್ದರು, ಆರಾಮ ಅನ್ನಿಸಿದಾಗ ಬಿಡುತ್ತಿದ್ದರು. ಲಗ್ನದ ಸೀಸನ್ ಬಂದರೆ ಪ್ರೆಸ್ ಬಿಟ್ಟು ದವಾಖಾನೆಯ ಸಾಲಿನಲ್ಲಿ ನಿಲ್ಲಲು ಅವರಿಗೆ ಹೊತ್ತಿಲ್ಲ. ಸರ್ಕಾರಿ ದವಾಖಾನೆಯಲ್ಲಿ ಒಮ್ಮೆ ಗುಳಿಗೆ ಇದ್ದರೆ ಮತ್ತೊಮ್ಮೆ ಇರುತ್ತಿರಲಿಲ್ಲ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ, ಕಿಡ್ನಿ ಸೋಲಲು ಇವೆರಡೇ ದೊಡ್ಡ ಕಾರಣಗಳು. ದಿನಕ್ಕೆ ಒಂದು ಚಹಾದ ಬೆಲೆಯೂ ಇಲ್ಲದ ಗುಳಿಗೆ ಹತ್ತು ವರ್ಷ ತಪ್ಪದೆ ಹೊಟ್ಟೆಗೆ ಹೋಗಿದ್ದರೆ, ವರ್ಷಕ್ಕೊಮ್ಮೆ ಯಾರಾದರೂ ಮೂತ್ರ ಪರೀಕ್ಷೆ ಮಾಡಿಸಿರೆಂದು ಹೇಳಿದ್ದರೆ, ಈ ಮೂರು ಪುಸ್ತಕಗಳು ಬಹುಶಃ ಖಾಲಿ ಉಳಿಯುತ್ತಿದ್ದವು. ಇದನ್ನು ನೆನೆದಾಗಲೆಲ್ಲ ನನಗೆ ಇವತ್ತಿಗೂ ಹೊಟ್ಟೆ ಸಂಕಟವಾಗುತ್ತದೆ.

ಡಯಾಲಿಸಿಸ್ ಎಂದರೆ ಏನೆಂದು ಗೊತ್ತಿಲ್ಲದವರು ಈಗ ಕಡಿಮೆ. ನಿಮ್ಮ ಓಣಿಯಲ್ಲೇ ಯಾರಾದರೂ ಇರಬಹುದು. ಕೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡುತ್ತಾರೆ, ಅಲ್ಲಿಗೆ ಎರಡು ದಪ್ಪ ಸೂಜಿ ಚುಚ್ಚಿ, ನಾಲ್ಕು ಗಂಟೆ ರಕ್ತವನ್ನು ಯಂತ್ರದಲ್ಲಿ ಸೋಸಿ ಮತ್ತೆ ಒಳಗೆ ಬಿಡುತ್ತಾರೆ. ವಾರಕ್ಕೆ ಮೂರು ಸಲ ಆಗಬೇಕು. ನಮ್ಮಂಥವರ ಮನೆಗಳಲ್ಲಿ ಬಹಳ ಜನ ಎರಡೇ ಸಲಕ್ಕೆ ನಿಲ್ಲುತ್ತಾರೆ, ಕಾರಣ ದುಡ್ಡು. ನಾವೂ ಎರಡಕ್ಕೆ ನಿಂತೆವು. ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಕುಡಿಯುವಂತಿಲ್ಲ. ಗದಗಿನ ಏಪ್ರಿಲ್ ತಿಂಗಳು ಗೊತ್ತಲ್ಲ ನಿಮಗೆ? ಅವರು ತಂಬಿಗೆಯಲ್ಲಿ ಅಳೆದ ನೀರನ್ನು ಮೂಲೆಯಲ್ಲಿಟ್ಟುಕೊಂಡು, ಒಂದೊಂದು ಗುಟುಕಿಗೆ ಗಡಿಯಾರ ನೋಡುತ್ತಿದ್ದರು. ಅವರೆದುರಿಗೆ ನೀರು ಕುಡಿಯಲು ನನಗೆ ಆಗದೆ ಹಿತ್ತಲಿಗೆ ಹೋಗಿ ಕುಡಿದು ಬರುತ್ತಿದ್ದೆ.

ಈಗ ಒಂದು ತಿಂಗಳ ಲೆಕ್ಕ ಓದುತ್ತೇನೆ. 2017ರ ಅಕ್ಟೋಬರ್. ಆಗ ನಾವು ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಗೆ ಹೋಗುತ್ತಿದ್ದೆವು. ಡಯಾಲಿಸಿಸ್ 9 ಸಲ, ಒಂದಕ್ಕೆ 1,600, ಒಟ್ಟು 14,400 ರೂಪಾಯಿ. ಇದು ಎಡಗಡೆ. ಬಲಗಡೆ ನೋಡಿ. ರಕ್ತ ಹೆಚ್ಚಿಸುವ ಚುಚ್ಚುಮದ್ದು, ಎರಿತ್ರೋಪೊಯೆಟಿನ್ ಎನ್ನುತ್ತಾರೆ, 9ಕ್ಕೆ 4,320. ಗುಳಿಗೆಗಳು 2,900. ಹೊರಗಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ 900. ಇಬ್ಬರ ಬಸ್ಸು, ಬರುವಾಗ ನಡೆಯಲಾಗದ್ದಕ್ಕೆ ಆಟೊ, ಸೇರಿ 2,700. ಹೊರಗಿನ ಊಟ, ಚಹಾ 900. ಕೂಡಿಸಿದರೆ 11,720. ಅಂದರೆ ಆ ತಿಂಗಳ ಒಟ್ಟು 26,120ರಲ್ಲಿ ನೂರಕ್ಕೆ ನಲವತ್ತೈದರಷ್ಟು ಬಲಗಡೆಯದು. ಅವರು ಪ್ರೆಸ್ಸಿಗೆ ಹೋಗದೆ ಉಳಿದ ದಿನಗಳು, ನಾನು ಸಂಘಕ್ಕೆ ರಜೆ ಹಾಕಿದ ದಿನಗಳು ಇದರಲ್ಲಿಲ್ಲ. ಅವಕ್ಕೆ ವೋಚರ್ ಇಲ್ಲ, ಹಾಗಾಗಿ ಬರೆಯಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಇಲ್ಲವೇ ಎಂದು ಕೇಳುತ್ತೀರಿ. ಇತ್ತು. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 2016ರಲ್ಲೇ ಘೋಷಿಸಿತ್ತು. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಯಂತ್ರಗಳು ಬಂದವು, ಅದು ಸಣ್ಣ ಕೆಲಸವಲ್ಲ. ಆದರೆ ಯಂತ್ರ ಎಷ್ಟಿದೆಯೋ ಅಷ್ಟೇ ಪಾಳಿ. ಒಬ್ಬರು ಬಿಟ್ಟರೆ ಇನ್ನೊಬ್ಬರಿಗೆ. ಒಬ್ಬರು ಬಿಡುವುದು ಎಂದರೆ ಏನರ್ಥ ಎಂದು ಸರದಿಗಾಗಿ ಕಾದ ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಐದು ತಿಂಗಳ ಮೇಲೆ ನಮಗೆ ಪಾಳಿ ಸಿಕ್ಕಿತು. ಯಂತ್ರಕ್ಕೆ ದುಡ್ಡು ಕೊಡಬೇಕಾಗಲಿಲ್ಲ, ಹುಬ್ಬಳ್ಳಿಯ ಓಡಾಟವೂ ನಿಂತಿತು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತಿಂಗಳ ಕೊನೆಗೆ ಕೂಡಿಸಿದೆ. ಎಡಗಡೆ ಸೊನ್ನೆ. ಬಲಗಡೆ 9,200. ಚುಚ್ಚುಮದ್ದು ಸ್ಟಾಕ್ ಇಲ್ಲ, ಹೊರಗಿನಿಂದ ತನ್ನಿ ಎಂದು ಚೀಟಿ ಬರೆದುಕೊಡುತ್ತಿದ್ದರು. ಗುಳಿಗೆ ಹೊರಗೆ, ಪರೀಕ್ಷೆ ಹೊರಗೆ, ಆಟೊ ಹೊರಗೆ. ಸರ್ಕಾರದ ಕಡತದಲ್ಲಿ ನಾವು ಪೂರ್ತಿ ಉಚಿತ ಚಿಕಿತ್ಸೆ ಪಡೆದ ಕುಟುಂಬ. ಮನೆಯಲ್ಲಿ ಪ್ರತಿ ತಿಂಗಳೂ 9,200 ರೂಪಾಯಿ ಹೊಂದಿಸುವ ಕುಟುಂಬ.

ಆ ವರ್ಷವೇ ಒಂದು ಘಟನೆ ನಡೆಯಿತು. ಒಂದು ಗುರುವಾರ ಬೆಳಿಗ್ಗೆ ನಾನು ಚೀಲ ಹಿಡಿದು ನಿಂತರೆ ಅವರು ಎದ್ದೇ ಇಲ್ಲ. “ಇವತ್ತ ಬ್ಯಾಡ. ಆರಾಮ ಅದೀನಿ. ಮೈ ಹಗುರ ಐತಿ” ಅಂದರು. ನಾನು, “ರೀ, ಡಾಕ್ಟರು ಒಂದೂ ತಪ್ಪಿಸಬ್ಯಾಡ ಅಂದಾರ” ಅಂದೆ. “ಒಂದ ದಿನ ಏನಾಗಂಗಿಲ್ಲ ನಡಿ” ಅಂದು ಮಗ್ಗುಲಾದರು. ನಾನೂ ಒತ್ತಾಯ ಮಾಡಲಿಲ್ಲ. ಹಿಂದಿನ ರಾತ್ರಿ ಮಗಳ ಬಿ.ಎಡ್. ಫೀಸಿನ ಮಾತು ಬಂದಿತ್ತು. ಅವರು ಈ ಪುಸ್ತಕ ತಗೊಂಡು ಬಹಳ ಹೊತ್ತು ನೋಡಿದ್ದರು. ಶನಿವಾರ ರಾತ್ರಿ ಎರಡು ಗಂಟೆಗೆ ಉಸಿರು ಸಿಗದೆ ಎದ್ದು ಕೂತರು. ನೀರು ಪುಪ್ಪುಸಕ್ಕೆ ಏರಿತ್ತು. ಓಣಿಯ ಹುಡುಗರು ಕಾರು ತಂದು ಹುಬ್ಬಳ್ಳಿಗೆ ಒಯ್ದರು, ಮೂರು ದಿನ ಐಸಿಯು. ಒಂದು ದಿನದ ಚುಚ್ಚುಮದ್ದು, ಆಟೊ ಉಳಿಸಲು ಹೋಗಿ 38,000 ಹೋಯಿತು. ವಾಪಸ್ ಬಂದ ಮೇಲೆ ನಾನು ಕೇಳಿದೆ, “ಆವತ್ತ ಖರೇನ ಆರಾಮ ಇದ್ರೇನು?” ಅವರು ಗೋಡೆ ಕಡೆ ನೋಡಿ, “ನೀ ಬರೆಯೂದು ನೋಡಿದ್ರ ನಂಗ ಭಯ ಆಗ್ತದ” ಅಂದರು. ಆಮೇಲೆ ಅವರ ಕಣ್ಣೆದುರು ಲೆಕ್ಕ ಬರೆಯುವುದನ್ನು ಬಿಟ್ಟೆ. ಅವರು ಮಲಗಿದ ಮೇಲೆ ಅಡಿಗೆಮನೆಯಲ್ಲಿ ಕೂತು ಬರೆಯುತ್ತಿದ್ದೆ.

ಇನ್ನು ಆರೋಗ್ಯ ಯೋಜನೆಗಳ ಕಾರ್ಡಿನ ಮಾತು. ನಾವು ಗದಗ ಜಿಲ್ಲೆಯವರು ಸಹಕಾರದ ಬಗ್ಗೆ ಅಭಿಮಾನದಿಂದ ಮಾತಾಡಬಹುದು. 1905ರಲ್ಲಿ ಇಲ್ಲೇ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘವನ್ನು ಏಷ್ಯಾದಲ್ಲೇ ಮೊದಲನೆಯದು ಎನ್ನುತ್ತಾರೆ. ಅದೇ ಸಹಕಾರದ ಬುನಾದಿಯ ಮೇಲೆ 2003ರಲ್ಲಿ ಯಶಸ್ವಿನಿ ಬಂತು. ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರು ಮುಂದಿಟ್ಟ ಯೋಚನೆ. ಸಂಘದ ಸದಸ್ಯ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್. ನಮ್ಮ ಸಂಘದ ಸದಸ್ಯರ ಅರ್ಜಿಗಳನ್ನು ನಾನೇ ತುಂಬಿಸಿದ್ದೇನೆ. ಹೃದಯದ ಆಪರೇಷನ್ ಆಗಿ ವಾಪಸ್ ಬಂದ ಒಬ್ಬ ರೈತ ಸಂಘಕ್ಕೆ ಪೇಢೆ ತಂದು ಹಂಚಿದ್ದು ನನ್ನ ಕಣ್ಣಲ್ಲಿದೆ. ಆ ಯೋಜನೆಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಯಶಸ್ವಿನಿ ಕಟ್ಟಿದ್ದು ಶಸ್ತ್ರಚಿಕಿತ್ಸೆಗಾಗಿ. ಪಟ್ಟಿಯಲ್ಲಿ ಆಪರೇಷನ್ನಿನ ಹೆಸರಿದ್ದರೆ ಹಣ. ಕಿಡ್ನಿ ಸೋತವನಿಗೆ ಬೇಕಾದದ್ದು ಒಂದು ಆಪರೇಷನ್ ಅಲ್ಲ, ಬದುಕಿರುವಷ್ಟು ದಿನ ಯಂತ್ರ, ಮದ್ದು, ಓಡಾಟ. ಅದೂ ಸಾಲದೆ, 2018ರಲ್ಲಿ ಯಶಸ್ವಿನಿಯನ್ನೇ ನಿಲ್ಲಿಸಿ ಹೊಸ ಯೋಜನೆಯಲ್ಲಿ ಸೇರಿಸಿದರು. 2022ರ ಬಜೆಟ್ಟಿನಲ್ಲಿ ಮತ್ತೆ ಘೋಷಿಸಿ ತಂದರು. ಅದು ನಿಂತಿದ್ದ ವರ್ಷಗಳಲ್ಲಿ ಕಾಯಿಲೆ ಬಿದ್ದ ಸದಸ್ಯರಿಗೆ ಸಂಘದವರು ಏನು ಹೇಳಬೇಕಿತ್ತು?

ಹೆಸರುಗಳು ಎಷ್ಟು ಬದಲಾದವು ಎಂದು ನೆನಪು ಮಾಡಿಕೊಳ್ಳಿ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ. ಎಪಿಎಲ್ ಕುಟುಂಬಗಳಿಗೆಂದು ರಾಜೀವ್ ಆರೋಗ್ಯ ಭಾಗ್ಯ. 2018ರ ಮಾರ್ಚಿನಲ್ಲಿ ಆರೋಗ್ಯ ಕರ್ನಾಟಕ. ಅದೇ ಸೆಪ್ಟೆಂಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು, ಎರಡನ್ನೂ ಕೂಡಿಸಿ ಉದ್ದನೆಯ ಹೆಸರಿಟ್ಟರು. ಕರ್ನಾಟಕದಲ್ಲಿ 62 ಲಕ್ಷ ಕುಟುಂಬಗಳ ಮಟ್ಟಿಗೆ ಕೇಂದ್ರ ನೂರಕ್ಕೆ 60 ಪಾಲು ಕೊಡುತ್ತದೆ, ಅದರಾಚೆಯವರ ಖರ್ಚು ರಾಜ್ಯದ್ದು. ಹಣ ಯಾರದು, ಕಾರ್ಡಿನ ಮೇಲೆ ಭಾವಚಿತ್ರ ಯಾರದು ಎಂಬ ಜಗಳ ಇಲ್ಲಿಂದಲೇ ಹುಟ್ಟುತ್ತದೆ. ಸರ್ಕಾರ ಬದಲಾದಾಗ ಕಾರ್ಡು ಬದಲಾಗುತ್ತದೆ, ಕೌಂಟರಿನಲ್ಲಿ ಕೂತ ಹುಡುಗನಿಗೆ ಹೊಸ ನಿಯಮ ಗೊತ್ತಿರುವುದಿಲ್ಲ, ರೋಗಿ ಎರಡು ಸಲ ಝೆರಾಕ್ಸ್ ಮಾಡಿಸಿ ಓಡಾಡುತ್ತಾನೆ.

ನಮ್ಮದು ಎಪಿಎಲ್ ಕಾರ್ಡು. ಮಷೀನಿಗೆ ಬ್ಯಾಂಕ್ ಸಾಲ ಬೇಕೆಂದು ನಮ್ಮ ಮನೆಯವರು ಆದಾಯ ತೆರಿಗೆ ರಿಟರ್ನ್ ಸಲ್ಲಿಸುತ್ತಿದ್ದರು. ಬಿಪಿಎಲ್ ಆಗಬೇಕಾದರೆ ಮನೆಯ ವರಮಾನ ವರ್ಷಕ್ಕೆ 1.20 ಲಕ್ಷ ದಾಟಬಾರದು, ಅಂದರೆ ತಿಂಗಳಿಗೆ ಹತ್ತು ಸಾವಿರ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ಗೆ ಪ್ಯಾಕೇಜ್ ದರದ, ಅಂದರೆ ಒಂದೊಂದು ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರದ, ನೂರಕ್ಕೆ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿ. ಒಂದು ಲಕ್ಷದ ಚಿಕಿತ್ಸೆಯಲ್ಲಿ ಎಪ್ಪತ್ತು ಸಾವಿರ ನಿಮ್ಮದೇ. ಐಸಿಯುನಲ್ಲಿ ಅವರಿದ್ದಾಗ ಕೌಂಟರಿನ ಹುಡುಗ, “ಅಕ್ಕಾರ, ಈ ಕಾರ್ಡಿಗೆ ಭಾಳ ಏನೂ ಬರೂದಿಲ್ರೀ” ಅಂದ. ಅವನ ಮುಖದಲ್ಲಿ ಕೆಡುಕಿರಲಿಲ್ಲ, ಅವನೂ ದಿನಾ ಅದೇ ಮಾತು ಹೇಳಿ ಹೇಳಿ ಬೇಸತ್ತಿದ್ದ.

ಕಾರ್ಮಿಕರ ಆರೋಗ್ಯ ವಿಮೆ ಇಎಸ್ಐ ಇರಬೇಕಿತ್ತಲ್ಲ ಎಂದರೆ, ಅದು ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆಗೆ. ಪ್ರೆಸ್ಸಿನಲ್ಲಿದ್ದವರು ನಾಲ್ಕೇ ಜನ. ಸರ್ಕಾರಿ ನೌಕರಿ ಇಬ್ಬರಿಗೂ ಇಲ್ಲ. ಬಡವರ ಪಟ್ಟಿಗೂ ಸಲ್ಲದ, ಸಂಬಳದವರ ಪಟ್ಟಿಗೂ ಸಲ್ಲದ ಜನ ನಾವು. ಕಿರಾಣಿ ಅಂಗಡಿಯವರು, ಟೇಲರುಗಳು, ಐದಾರು ಎಕರೆ ಒಣಬೇಸಾಯದವರು, ಖಾಸಗಿ ಶಾಲೆಯ ಮಾಸ್ತರರು, ಇಲ್ಲಿ ಕೂತ ಅರ್ಧ ಜನ ಇದೇ ಗುಂಪಿನವರು.

ರೇಷನ್ ಕಾರ್ಡಿನಲ್ಲಿ ಅವರನ್ನು ಬೇರೆ ಮಾಡಿ ಬಿಪಿಎಲ್ ಮಾಡಿಸಿಕೊಳ್ಳಿ ಎಂದು ಹೇಳಿದವರು ಒಬ್ಬಿಬ್ಬರಲ್ಲ. ಇಷ್ಟು ಕೊಟ್ಟರೆ ಆಗುತ್ತದೆ ಎಂದು ಮೊತ್ತವನ್ನೂ ಹೇಳಿದರು. ಸುಳ್ಳು ಹೇಳಬೇಕಲ್ಲ ಎಂಬ ಅಳುಕು ನನಗಿತ್ತು, ಆದರೂ ಅರ್ಜಿ ಬರೆದೆ. ಸಹಿಗೆ ಕೊಟ್ಟಾಗ ಅವರು ಪೆನ್ನು ಕೆಳಗಿಟ್ಟು, “ನಾವು ಬ್ಯಾರೆ ಬ್ಯಾರೆ ಅಂತ ಹೆಂಗ ಬರೀಲಿ?” ಅಂದರು. ನನಗೆ ಆಗ ಬಹಳ ಸಿಟ್ಟು ಬಂತು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅವರು ಮಾಡಿದ್ದು ಸರಿಯೋ ನಾನು ಬರೆದದ್ದು ಸರಿಯೋ ಇವತ್ತಿಗೂ ಹೇಳಲಾರೆ. ಗಂಡ ಹೆಂಡತಿ ಬೇರೆಯಾಗಿದ್ದೇವೆ ಎಂದು ಕಾಗದದ ಮೇಲೆ ಬರೆದರೆ ಮಾತ್ರ ಚಿಕಿತ್ಸೆ ಸಿಗುವ ಪರಿಸ್ಥಿತಿಯನ್ನು ಯಾವ ಕುಟುಂಬಕ್ಕೂ ತರಬಾರದು, ಇಷ್ಟು ಮಾತ್ರ ಗೊತ್ತು. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡು ರದ್ದಾದ ಸುದ್ದಿಗೆ ಊರೂರಲ್ಲಿ ಜನ ಗಾಬರಿ ಬಿದ್ದದ್ದು, ಗಲಾಟೆಯಾದ ಮೇಲೆ ಸರ್ಕಾರ ಹಿಂದೆ ಸರಿದದ್ದು ನೆನಪಿರಬೇಕು. ಅಕ್ಕಿ ಹೋಗುತ್ತದೆಂಬುದಷ್ಟೇ ಆ ಗಾಬರಿಗೆ ಕಾರಣವಾಗಿರಲಿಲ್ಲ. ಆ ಕಾರ್ಡಿನ ಹಿಂದೆ ಆಸ್ಪತ್ರೆಯೂ ನಿಂತಿದೆ.

ವಿಮೆ ಕಂಪನಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಿಡ್ನಿ ಹೋದ ಮೇಲೆ ನಮಗೆ ಯಾರೂ ಪಾಲಿಸಿ ಕೊಡಲಿಲ್ಲ. ನನ್ನ ಮೈದುನ ಬೆಂಗಳೂರಿನಲ್ಲಿ ಇದ್ದಾನೆ, 3 ಲಕ್ಷದ ಪಾಲಿಸಿ ಇಟ್ಟುಕೊಂಡಿದ್ದ. ದಿನದ ಕೋಣೆ ಬಾಡಿಗೆಗೆ 3,000 ಮಿತಿ. ಆಸ್ಪತ್ರೆಯಲ್ಲಿ ಖಾಲಿ ಇದ್ದದ್ದು 6,000ದ ಕೋಣೆ. ಕೋಣೆಯ ಬಾಡಿಗೆಯಷ್ಟೇ ಕೈಯಿಂದ ಹೋಗುತ್ತದೆ ಅಂದುಕೊಂಡ. ಡಾಕ್ಟರ ಶುಲ್ಕ, ಆಪರೇಷನ್ ಥಿಯೇಟರಿನ ಶುಲ್ಕ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಅರ್ಧಕ್ಕಿಳಿಸಿ ಕಂಪನಿ ಹಣ ಕೊಟ್ಟಿತು. ಪಾಲಿಸಿಯಲ್ಲಿ ಅದು ಬರೆದಿತ್ತು. ನಿಮ್ಮಲ್ಲಿ ಪಾಲಿಸಿ ಇದ್ದವರು ಇವತ್ತೇ ಮನೆಗೆ ಹೋಗಿ ಕೋಣೆ ಬಾಡಿಗೆಯ ಷರತ್ತು ಓದಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ 18% ಜಿಎಸ್‌ಟಿ ತೆಗೆದಿದ್ದಾರೆ, ಒಳ್ಳೆಯದಾಯಿತು. ಕಂತು ಕಟ್ಟುವ ಶಕ್ತಿ ಇದ್ದವರಿಗೆ ಅದರಿಂದ ಅನುಕೂಲ.

ಈಗ ರಾಜಕಾರಣ. ಮೊದಲು ನ್ಯಾಯವಾದ ಮಾತು ಹೇಳಬೇಕು. ಈ ಯೋಜನೆಗಳಿಂದ ಜೀವ ಉಳಿದಿದೆ. ವಾಜಪೇಯಿ ಆರೋಗ್ಯಶ್ರೀ ಮೊದಲು ಬಂದದ್ದು ನಮ್ಮ ಉತ್ತರದ ವಿಭಾಗಗಳಿಗೆ, ಕಲಬುರಗಿ, ಆಮೇಲೆ ಬೆಳಗಾವಿ. ಯೋಜನೆ ಇದ್ದ ಜಿಲ್ಲೆಗಳ ಗಡಿಯಲ್ಲಿನ ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ಯೋಜನೆ ಬರದಿದ್ದ ಹಳ್ಳಿಗಳನ್ನೂ ಹೋಲಿಸಿ ಮಾಡಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದಾದ ಸಾವು, ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ 64% ಕಡಿಮೆ ಇತ್ತು. ಒಂದೇ ಮಣ್ಣು, ಒಂದೇ ಮಳೆ, ನಡುವೆ ಒಂದು ಜಿಲ್ಲೆಯ ಗಡಿ. ಸರ್ಕಾರದ ಹಣ ಜೀವ ಉಳಿಸಲಾರದು ಎನ್ನುವವರಿಗೆ ನಾನು ಈ ಅಂಕಿಯನ್ನೇ ಹೇಳುತ್ತೇನೆ.

ಆದರೆ ಯೋಜನೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ನೋಡಿ. ಆಯುಷ್ಮಾನ್ ಭಾರತ್ ನಿಯಮದಲ್ಲಿ ದಾಖಲಾಗುವ ಮೊದಲಿನ 3 ದಿನ, ಬಿಡುಗಡೆಯಾದ ಮೇಲಿನ 15 ದಿನದ ಖರ್ಚು ಸೇರುತ್ತದೆ. ಹದಿನಾರನೆಯ ದಿನದಿಂದ ಗುಳಿಗೆ ನಿಮ್ಮದು. ಹೊರರೋಗಿಯಾಗಿ ತೋರಿಸಿಕೊಂಡ ಖರ್ಚಿಗೆ ಅಲ್ಲಿ ಜಾಗವಿಲ್ಲ. ಹಾರ್ಟ್ ಆಪರೇಷನ್ ಆದವನು ಬದುಕಿರುವವರೆಗೆ ನುಂಗುವ ಗುಳಿಗೆ, ಕ್ಯಾನ್ಸರಿನ ತಪಾಸಣೆಗೆ ವರ್ಷಗಟ್ಟಲೆ ಬೆಂಗಳೂರಿನ ಓಡಾಟ, ಜೊತೆಗೆ ಹೋದವರ ಕೂಲಿ, ಧರ್ಮಶಾಲೆಯಲ್ಲಿ ಜಾಗ ಸಿಗದೆ ಹಿಡಿದ ಲಾಡ್ಜು, ಇವೆಲ್ಲ ನನ್ನ ಬಲಗಡೆಯ ಕಾಲಂ.

ಯಾಕೆ ಹೀಗಾಯಿತು? ಆಪರೇಷನ್ ಕಾಣಿಸುತ್ತದೆ. ಎಣಿಸಬಹುದು, ಇಷ್ಟು ಲಕ್ಷ ಜನರಿಗೆ ಇಷ್ಟು ಕೋಟಿ ಎಂದು ಸಭೆಯಲ್ಲಿ ಹೇಳಬಹುದು. ಹತ್ತು ವರ್ಷ ಬಿಪಿ ಗುಳಿಗೆ ತಪ್ಪದೆ ಸಿಕ್ಕಿದ್ದರಿಂದ ಕಿಡ್ನಿ ಕೆಡದೆ ಉಳಿದ ಮನುಷ್ಯನನ್ನು ಯಾರು ವೇದಿಕೆಗೆ ಕರೆಯುತ್ತಾರೆ? ತನಗೆ ಏನು ತಪ್ಪಿತು ಎಂದು ಅವನಿಗೇ ಗೊತ್ತಿರುವುದಿಲ್ಲ. ಇನ್ನೊಂದು ಕಾರಣ, ಪ್ಯಾಕೇಜ್ ಎಂದರೆ ಸರ್ಕಾರದ ಹಣ ಆಸ್ಪತ್ರೆಗೆ ಹೋಗುವ ದಾರಿ. ಆ ದರ ಕಡಿಮೆ ಎಂದು, ಬಾಕಿ ಬಂದಿಲ್ಲ ಎಂದು ಕೇಳಲು ಆಸ್ಪತ್ರೆಗಳಿಗೆ ಸಂಘವಿದೆ. ಸ್ಟಾಕ್ ಇಲ್ಲದ ಚುಚ್ಚುಮದ್ದಿನ ಬಗ್ಗೆ ಕೇಳಲು ರೋಗಿಗಳಿಗೆ ಸಂಘವಿಲ್ಲ. ಸಂಘ ಎಂಬ ಮಾತಿನ ಬೆಲೆ ಈ ಸಭೆಗೆ ನಾನು ಹೇಳಿಕೊಡಬೇಕಿಲ್ಲ.

2017ರ ನವೆಂಬರ್ ನನಗೆ ಚೆನ್ನಾಗಿ ನೆನಪಿದೆ, ಆಗ ನಮ್ಮ ಹುಬ್ಬಳ್ಳಿಯ ಓಡಾಟ ನಡೆದಿತ್ತು. ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರ ನಿಗದಿ ಮಾಡಬೇಕು, ರೋಗಿಗಳ ದೂರು ಕೇಳಲು ಜಿಲ್ಲೆಯಲ್ಲಿ ಸಮಿತಿ ಬೇಕು ಎಂಬ ತಿದ್ದುಪಡಿಯನ್ನು ಕೆಪಿಎಂಇಗೆ, ಅಂದರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ, ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ತಂದಿದ್ದರು. ಬೆಳಗಾವಿ ಅಧಿವೇಶನದ ಹೊತ್ತಿಗೆ ರಾಜ್ಯದಾದ್ಯಂತ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ನಮ್ಮ ಆಸ್ಪತ್ರೆಯಲ್ಲಿ ಡಯಾಲಿಸಿಸ್ ನಡೆಯಿತು, ಆದರೆ ಹೊರರೋಗಿ ವಿಭಾಗಕ್ಕೆ ಬೀಗ. ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡ ಒಬ್ಬ ತಾಯಿ ಆ ಬೀಗವನ್ನು ಹಿಡಿದು ಹಿಡಿದು ನೋಡುತ್ತಿದ್ದಳು. ವೈದ್ಯರ ಭಯಗಳಲ್ಲಿ ಕೆಲವು ನಿಜವೂ ಇದ್ದವು, ಸಣ್ಣ ನರ್ಸಿಂಗ್ ಹೋಮ್ ನಡೆಸುವವರ ಕಷ್ಟ ನನಗೆ ಅರ್ಥವಾಗುತ್ತದೆ. ಕೊನೆಗೆ ಕಾಯ್ದೆ ಪಾಸಾಯಿತು. ತುರ್ತು ರೋಗಿಯಿಂದ ಮುಂಗಡ ಕೇಳಬಾರದು, ಬಿಲ್ ಬಾಕಿ ಇದೆಯೆಂದು ಹೆಣ ಹಿಡಿದಿಡಬಾರದು ಎಂಬ ಒಳ್ಳೆಯ ಮಾತುಗಳು ಅದರಲ್ಲಿ ಉಳಿದವು. ದರ ನಿಗದಿ ಮಾತ್ರ ಸರ್ಕಾರಿ ಯೋಜನೆಗಳ ಚಿಕಿತ್ಸೆಗೆ ಸೀಮಿತವಾಯಿತು. ಕೈಯಿಂದ ಹಣ ಕಟ್ಟುವವರಿಗೆ, ಅಂದರೆ ನಮ್ಮಂಥವರಿಗೆ, ಬಿಲ್ ಎಷ್ಟಾದರೂ ಆಗಬಹುದು.

ದರಕ್ಕೆ ಕಡಿವಾಣ ಹಾಕಲು ಬರುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಅದೇ 2017ರ ಫೆಬ್ರವರಿಯಲ್ಲಿ ಹೃದಯಕ್ಕೆ ಹಾಕುವ ಔಷಧಲೇಪಿತ ಸ್ಟೆಂಟಿನ ಬೆಲೆಗೆ ಕೇಂದ್ರ ಸರ್ಕಾರ 29,600 ರೂಪಾಯಿಯ ಮಿತಿ ಹಾಕಿತು. ಅದಕ್ಕೆ ಮೊದಲು ಲಕ್ಷದ ಮೇಲೆ ಮಾರುತ್ತಿದ್ದರು. 2019ರಲ್ಲಿ 42 ಕ್ಯಾನ್ಸರ್ ಔಷಧಿಗಳ ಲಾಭದ ಅಂತರವನ್ನು 30%ಕ್ಕೆ ಕಟ್ಟಿದರು. ಮನಸ್ಸು ಮಾಡಿದಾಗ ಆಗಿದೆ.

ದೇಶದ ಲೆಕ್ಕವೂ ಸ್ವಲ್ಪ ಸುಧಾರಿಸಿದೆ. ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರ ಕೈಯಿಂದ ಹೋಗುವುದು 2013-14ರಲ್ಲಿ 64.2% ಇತ್ತು, 2021-22ರ ಹೊತ್ತಿಗೆ 39.4%ಕ್ಕೆ ಇಳಿದಿದೆ ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕ ಹೇಳುತ್ತದೆ. ಆದರೆ ಇಷ್ಟು ಇಳಿದ ಮೇಲೂ ನೂರರಲ್ಲಿ ಸುಮಾರು ನಲವತ್ತು ರೂಪಾಯಿ ಮನೆಯ ಕಪಾಟಿನಿಂದ, ಬಳೆಯಿಂದ, ಬಡ್ಡಿ ಸಾಲದಿಂದ ಬರುತ್ತಿದೆ. ಅದೇ ವರ್ಷ ಸರ್ಕಾರಗಳು ಆರೋಗ್ಯಕ್ಕೆ ಮಾಡಿದ ಖರ್ಚು ಜಿಡಿಪಿಯ 1.84%. 2025ಕ್ಕೆ 2.5% ಮಾಡುತ್ತೇವೆ ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಬರೆದಿತ್ತು. ಹಣ ಕೊಡಲಾರದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ದೇಶದ ಆರೋಗ್ಯ ಸೇವೆ ಹೇಗಿರಬೇಕೆಂದು ವರದಿ ಕೊಟ್ಟ ಭೋರ್ ಸಮಿತಿ ಹೇಳಿದ್ದು 1946ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲು.

ಬಲಗಡೆಯ ಕಾಲಂನಲ್ಲಿ ಬರೆಯಲಾಗದ ಒಂದು ಮಾತನ್ನೂ ಹೇಳಬೇಕು. ಕಿಡ್ನಿ ಕೊಡಲು ನಾನು ಮುಂದೆ ಬಂದೆ. ನಮ್ಮ ದೇಶದಲ್ಲಿ ಬದುಕಿರುವಾಗ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ತಾಯಂದಿರು, ಹೆಂಡಂದಿರು. ಪರೀಕ್ಷೆಯಲ್ಲಿ ನನಗೇ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು, ಆಗುವುದಿಲ್ಲ ಎಂದರು. ಆವತ್ತು ಮನೆಗೆ ಬಂದು ನಾನು ಅತ್ತದ್ದು ಕಿಡ್ನಿ ಕೊಡಲಾಗಲಿಲ್ಲವೆಂದೋ, ಇನ್ನು ಮನೆಯಲ್ಲಿ ಇಬ್ಬರ ಗುಳಿಗೆ ಎಂದೋ, ನನಗೆ ಬಿಡಿಸಿ ಹೇಳಲು ಬರುವುದಿಲ್ಲ. ಮಗಳು ತಾನು ಕೊಡುತ್ತೇನೆ ಅಂದಳು. ಅವರು ಆ ಮಾತನ್ನು ಎರಡನೆಯ ಸಲ ಆಡಲು ಬಿಡಲಿಲ್ಲ. ಆಕೆಯ ಬಿ.ಎಡ್. ಎರಡು ವರ್ಷ ತಡವಾಯಿತು. ಆಫ್‌ಸೆಟ್ ಮಷೀನನ್ನು 2019ರಲ್ಲಿ ಮಾರಿದೆವು. ಕೊಂಡವರು ಲಾರಿಗೆ ಏರಿಸುವಾಗ ಅವರು ಹೊರಗೆ ಬರಲಿಲ್ಲ. ಒಳಗೆ ಕೂತು, ಉಳಿದಿದ್ದ ಹಾಳೆ ಮಡಚಿ, ಈ ಮೂರನೆಯ ಪುಸ್ತಕ ಹೊಲಿಯುತ್ತಿದ್ದರು.

ಸಂಘದವರು ನಾವು ಏನು ಕೇಳಬೇಕು ಎಂದು ಕಾರ್ಯದರ್ಶಿಗಳು ನನ್ನನ್ನು ಮೊದಲೇ ಕೇಳಿದ್ದರು. ಇನ್ನೊಂದು ಕಾರ್ಡು ಕೇಳಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಸಕ್ಕರೆ, ಹೃದಯದ ಗುಳಿಗೆಗಳು ತಿಂಗಳಿಡೀ ಸಿಗುತ್ತವೆಯೇ, ಡಯಾಲಿಸಿಸ್‌ನ ಚುಚ್ಚುಮದ್ದು ಸ್ಟಾಕಿನಲ್ಲಿದೆಯೇ ಎಂದು ಕೇಳಿ. ಪ್ರತಿ ತಿಂಗಳು ಹೋಗಿ ಕೇಳಿ, ಬರೆದು ಕೇಳಿ, ಉತ್ತರವನ್ನು ಸಂಘದ ಬೋರ್ಡಿಗೆ ಹಚ್ಚಿ. ಬಿಡುಗಡೆಯ ನಂತರದ 15 ದಿನ ಎಂಬುದನ್ನು ಕಾಯಿಲೆ ಇರುವಷ್ಟು ದಿನ ಎಂದು ಬದಲಾಯಿಸಿ ಎಂದು ಮತ ಕೇಳಲು ಬಂದವರಿಗೆ ಹೇಳಿ. ಎಪಿಎಲ್, ಬಿಪಿಎಲ್ ಎಂಬ ಗೆರೆಯನ್ನು ದೀರ್ಘ ಕಾಯಿಲೆಗಳ ಮಟ್ಟಿಗಾದರೂ ಅಳಿಸಿರಿ ಎಂದು ಹೇಳಿ, ಯಾಕೆಂದರೆ ಆ ಗೆರೆಯ ಮೇಲಿದ್ದವರನ್ನು ಕಾಯಿಲೆಯೇ ಎರಡು ವರ್ಷದಲ್ಲಿ ಕೆಳಗೆ ತರುತ್ತದೆ. ಮತ್ತೆ, ನಮ್ಮ ಕೈಯಲ್ಲೇ ಇರುವ ಕೆಲಸ ಒಂದಿದೆ. ಲಾಭದಲ್ಲಿ ಒಂದು ಸಣ್ಣ ಪಾಲು ತೆಗೆದಿಟ್ಟು, ಕಾಯಿಲೆ ಬಿದ್ದ ಸದಸ್ಯನ ಬಸ್ ಚಾರ್ಜಿಗೆ, ಜೊತೆಗೆ ಹೋದವರ ಊಟಕ್ಕೆ ಸಂಘವೇ ಕೊಡಲಿ. ದೊಡ್ಡ ಹಣವಲ್ಲ, ಆದರೆ ಅದು ಇಲ್ಲದ್ದಕ್ಕೇ ಜನ ಒಂದು ಡಯಾಲಿಸಿಸ್ ತಪ್ಪಿಸುತ್ತಾರೆ.

ಕೊನೆಯ ಪುಟ ಓದಿ ಕೂರುತ್ತೇನೆ. ಅವರು ಹೋಗಿ ಹದಿಮೂರನೆಯ ದಿನದ ಮರುದಿನ ಫ್ರಿಜ್ ತೆಗೆದಾಗ ಬಾಗಿಲಿನ ಖಾನೆಯಲ್ಲಿ ಎರಡು ಚುಚ್ಚುಮದ್ದು ಉಳಿದಿದ್ದವು. ಬಟ್ಟೆಯಲ್ಲಿ ಬರ್ಫಿನ ತುಂಡಿನ ಜೊತೆ ಸುತ್ತಿಕೊಂಡು ಆಸ್ಪತ್ರೆಗೆ ಹೋದೆ. ಅವರ ಪಕ್ಕದ ಹಾಸಿಗೆಯಲ್ಲಿ ಮಂಗಳವಾರ, ಶುಕ್ರವಾರ ಮಲಗುತ್ತಿದ್ದ ಹುಡುಗ, ಮುಂಡರಗಿ ಕಡೆಯವನು, ಇಪ್ಪತ್ತಾರು ವರ್ಷ. ಅವನ ತಾಯಿಯ ಕೈಗೆ ಕೊಟ್ಟೆ. ಆಕೆ, “ಎಷ್ಟ ಕೊಡ್ಲಿ ಅಕ್ಕಾ?” ಅಂತ ಸೆರಗಿನ ಗಂಟು ಬಿಚ್ಚಲು ಹೋದಳು. ನಾನು ಅವಳ ಕೈ ಹಿಡಿದುಕೊಂಡೆ. ಅವರು ಮಲಗುತ್ತಿದ್ದ ಹಾಸಿಗೆಗೆ ಆಗಲೇ ಬೇರೊಬ್ಬರು ಬಂದಿದ್ದರು. ರಾತ್ರಿ ಪುಸ್ತಕ ತೆಗೆದು ಬಲಗಡೆ ಬರೆದೆ: ಚುಚ್ಚುಮದ್ದು 2, ರೂ. 960, ಕೊಟ್ಟದ್ದು.